ಉಬ್ಬಸ: ಹೆಸರಿನಲ್ಲಿ ಕಾಣದ ಉರಿಯೂತ

ನಮ್ಮ ಅಜ್ಜಿ ಅದನ್ನು ಗೂರಲು ಎನ್ನುತ್ತಿದ್ದರು. ರಾತ್ರಿ ಎರಡರ ಹೊತ್ತಿಗೆ ಎದ್ದು ಕುಳಿತು, ಅಂಗೈಗಳನ್ನು ಮಂಡಿಯ ಮೇಲೆ ಊರಿ, ಭುಜ ಎತ್ತಿ ಎತ್ತಿ ಉಸಿರಾಡುತ್ತಿದ್ದರು. ಉಸಿರು ಹೇಗೋ ಒಳಗೆ ಹೋಗುತ್ತಿತ್ತು. ಹೊರಗೆ ಬರುವಾಗ ಕುಯ್ ಎಂಬ ಸದ್ದು ಉದ್ದಕ್ಕೆ ಎಳೆಯುತ್ತಿತ್ತು. ಒಬ್ಬರು ನೀರು ಕಾಯಿಸುತ್ತಿದ್ದರು, ಇನ್ನೊಬ್ಬರು ಬೆನ್ನು ನೀವುತ್ತಿದ್ದರು. ಬೆಳಗಾದರೆ ಅಜ್ಜಿ ಏನೂ ಆಗದವರಂತೆ ಅಂಗಳಕ್ಕೆ ನೀರು ಹಾಕುತ್ತಿದ್ದರು. ರಾತ್ರಿ ಬಂದಿತ್ತು, ಈಗ ಹೋಯಿತು ಎಂಬುದು ಅವರ ಲೆಕ್ಕ.

ಈ ಲೆಕ್ಕ ಪದಗಳೊಳಗೇ ಕುಳಿತಿದೆ. ಉಬ್ಬಸ ಎಂದರೆ ಏದುಸಿರು. ದಮ್ಮು ಎಂಬುದರ ಹಿಂದಿರುವ ಪಾರಸಿಯ ‘ದಮ್’ ಎಂದರೂ ಉಸಿರು. ಆಯುರ್ವೇದದ ತಮಕ ಶ್ವಾಸದಲ್ಲಿ ಇರುವುದೂ ಶ್ವಾಸವೇ. ಗ್ರೀಕರ ಅಸ್ತಮಾ ಕೂಡ ಏದುಸಿರೇ. ಕಣ್ಣಿಗೆ ಕಂಡದ್ದನ್ನು, ಕಿವಿಗೆ ಬಿದ್ದದ್ದನ್ನು ಜನ ಹೆಸರಾಗಿಸಿದರು. ಆ ಸದ್ದು ನಿಂತ ಮೇಲೂ ಎದೆಯೊಳಗೆ ಉಳಿಯುವುದಕ್ಕೆ ಈ ಯಾವ ಹೆಸರಿನಲ್ಲೂ ಜಾಗವಿಲ್ಲ.

ಹಾಗೆ ಉಳಿಯುವುದು ಉರಿಯೂತ. ಉರಿ ಮತ್ತು ಊತ ಸೇರಿ ಆದ ಈ ಪದ ವೈದ್ಯಕೀಯಕ್ಕೆ ಕನ್ನಡ ಕೊಟ್ಟ ಅಚ್ಚುಕಟ್ಟಾದ ಪದಗಳಲ್ಲೊಂದು. ಅಸ್ತಮಾದಲ್ಲಿ ಶ್ವಾಸನಾಳದ ಒಳಪೊರೆ ಬಾತುಕೊಂಡಿರುತ್ತದೆ, ಲೋಳೆ ಹೆಚ್ಚಾಗಿರುತ್ತದೆ, ನಾಳದ ಸುತ್ತಲಿನ ಸ್ನಾಯು ಸಣ್ಣ ನೆಪಕ್ಕೂ ಬಿಗಿಯಲು ಕಾದಿರುತ್ತದೆ. ಒಗ್ಗರಣೆಯ ಹೊಗೆ, ಹಾಸಿಗೆಯ ಧೂಳುಹುಳ, ಶೀತ, ಓಟ, ಯಾವುದು ತಗುಲಿದರೂ ಸಾಕು. 1980ರ ದಶಕದಲ್ಲಿ ಶ್ವಾಸನಾಳಕ್ಕೆ ನಳಿಕೆ ಇಳಿಸಿ ಒಳಪೊರೆಯ ಸಣ್ಣ ಚೂರು ತೆಗೆದು ನೋಡಿದಾಗ, ಸೌಮ್ಯ ಅಸ್ತಮಾ ಇರುವವರಲ್ಲೂ ಈ ಹಾನಿ ಕಂಡಿತು.

ಕಾರಣಗಳ ಹುಡುಕಾಟದಲ್ಲಿ ನನಗೆ ಮರೆಯಲಾಗದ್ದು ಬಾರ್ಸಿಲೋನಾದ ಕಥೆ. 1981ರಿಂದ 1987ರ ನಡುವೆ ಆ ಸ್ಪೇನಿನ ನಗರದಲ್ಲಿ 26 ದಿನಗಳಂದು ಅಸ್ತಮಾ ರೋಗಿಗಳು ಇದ್ದಕ್ಕಿದ್ದಂತೆ ತುರ್ತು ಚಿಕಿತ್ಸಾ ಘಟಕಗಳಿಗೆ ಮುಗಿಬಿದ್ದರು. ಗಾಳಿಯ ಮಾಲಿನ್ಯವನ್ನು ಅಳೆದರೂ ಕಾರಣ ಸಿಗಲಿಲ್ಲ. ಕೊನೆಗೆ ಸಂಶೋಧಕರು ಬಂದರಿನ ದಾಖಲೆಗಳನ್ನು ತೆರೆದರು. 1985 ಮತ್ತು 1986ರಲ್ಲಿ ಬಂದ ಅಂಥ 13 ದಿನಗಳಲ್ಲೂ ಹಡಗಿನಿಂದ ಸೋಯಾ ಅವರೆ ಇಳಿಸಲಾಗುತ್ತಿತ್ತು. ಒಂದು ಕಣಜದ ನೆತ್ತಿಗೆ ಫಿಲ್ಟರ್ ಇರಲಿಲ್ಲ. ಅಲ್ಲಿಂದ ಎದ್ದ ಧೂಳನ್ನು ಗಾಳಿ ಊರ ಮೇಲೆ ಹರಡುತ್ತಿತ್ತು. ಫಿಲ್ಟರ್ ಹಾಕಿದ ಮೇಲೆ ಆ ಹಾವಳಿ ನಿಂತಿತು. ಧೂಳು ಬಿದ್ದದ್ದು ಎಲ್ಲರ ಮೇಲೆ. ಆಸ್ಪತ್ರೆ ಸೇರಿದವರ ರಕ್ತದಲ್ಲಿ ಮಾತ್ರ ಸೋಯಾ ವಿರುದ್ಧದ ಐಜಿಇ ಎಂಬ, ಅಲರ್ಜಿಗೆ ಕಾರಣವಾಗುವ ಪ್ರತಿಕಾಯ ಹೇರಳವಾಗಿ ಕಂಡಿತು. ಜಪಾನಿನ ಇಶಿಜಾಕಾ ದಂಪತಿ ಅಮೆರಿಕದಲ್ಲಿ ಕೆಲಸ ಮಾಡುತ್ತಾ 1966ರಲ್ಲಿ ಗುರುತಿಸಿದ ಪ್ರತಿಕಾಯ ಅದು. ಎಲ್ಲ ಅಸ್ತಮಾಕ್ಕೂ ಅಲರ್ಜಿಯೇ ಮೂಲವಲ್ಲ, ಆದರೆ ಮಕ್ಕಳಲ್ಲಿ ಬಹುಪಾಲು ಹಾಗೆಯೇ.

ಕಿವಿಗೆ ಬೀಳುವ ಏದುಸಿರು, ಒಳಗೆ ಉಳಿಯುವ ಉರಿಯೂತ ಎಂಬ ಎರಡು ತಿಳಿವಳಿಕೆಗಳ ನಡುವೆ ಚಿಕಿತ್ಸೆಯೂ ಇಬ್ಭಾಗವಾಗಿದೆ. ಬ್ರಿಟನ್ನಿನಲ್ಲಿ ಡೇವಿಡ್ ಜ್ಯಾಕ್ ಅವರ ತಂಡ ರೂಪಿಸಿದ ಸಾಲ್ಬ್ಯುಟಮಾಲ್ 1969ರಲ್ಲಿ ಬಂತು. ಬಿಗಿದ ಸ್ನಾಯು ಕೆಲವೇ ನಿಮಿಷಗಳಲ್ಲಿ ಸಡಿಲವಾಗುತ್ತದೆ, ಸದ್ದು ನಿಲ್ಲುತ್ತದೆ. ಅದೇ ತಂಡ 1972ರಲ್ಲಿ ಬೆಕ್ಲೊಮೆಥಾಸೋನ್ ಎಂಬ ಸ್ಟೀರಾಯ್ಡನ್ನು ಇನ್ಹೇಲರಿನಲ್ಲಿ ತಂದಿತು. ಅದು ಉರಿಯೂತವನ್ನು ತಗ್ಗಿಸುತ್ತದೆ, ಆದರೆ ದಿನವೂ ಸೇದಬೇಕು, ಸೇದಿದ ಕ್ಷಣಕ್ಕೆ ಏನೂ ಅನಿಸುವುದಿಲ್ಲ. ಅನಿಸದ ಔಷಧಿಯನ್ನು ಜನ ಕೈಬಿಡುತ್ತಾರೆ, ಅನಿಸಿದ್ದನ್ನು ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ಜೊತೆಗೆ ಸ್ಟೀರಾಯ್ಡ್ ಎಂಬ ಪದದ ಭಯ. ಗುಳಿಗೆಯ ಪ್ರಮಾಣ ಮಿಲಿಗ್ರಾಂಗಳಲ್ಲಿ, ಇನ್ಹೇಲರಿನದು ಮೈಕ್ರೊಗ್ರಾಂಗಳಲ್ಲಿ; ಒಂದು ಮಿಲಿಗ್ರಾಂ ಎಂದರೆ 1000 ಮೈಕ್ರೊಗ್ರಾಂ. ಸೇದಿದ ಮೇಲೆ ಬಾಯಿ ಮುಕ್ಕಳಿಸಿದರೆ ಬಾಯಿಯ ಶಿಲೀಂಧ್ರ ಸೋಂಕಿನ ತೊಂದರೆಯೂ ಕಡಿಮೆ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಜಗತ್ತಿನ ಅಸ್ತಮಾ ಸಾವುಗಳಲ್ಲಿ ಶೇ 40ಕ್ಕಿಂತ ಹೆಚ್ಚು ಭಾರತದಲ್ಲಿ ಆಗುತ್ತವೆ ಎಂಬ ಅಂದಾಜಿದೆ. ಫಿನ್ಲೆಂಡ್ 1994ರಲ್ಲಿ ಹತ್ತು ವರ್ಷದ ರಾಷ್ಟ್ರೀಯ ಕಾರ್ಯಕ್ರಮ ಹಾಕಿಕೊಂಡು, ರೋಗವನ್ನು ಬೇಗ ಗುರುತಿಸಿ ಉರಿಯೂತಕ್ಕೆ ಆರಂಭದಲ್ಲೇ ಔಷಧಿ ಕೊಟ್ಟಿತು. ಅಸ್ತಮಾ ರೋಗಿಗಳು ಆಸ್ಪತ್ರೆಯಲ್ಲಿ ಕಳೆಯುವ ದಿನಗಳು ಅಲ್ಲಿ ಅರ್ಧಕ್ಕಿಂತ ಕೆಳಗಿಳಿದವು. 2018ರ ಒಂದು ದೊಡ್ಡ ಪ್ರಯೋಗದಲ್ಲಿ, ಸೌಮ್ಯ ಅಸ್ತಮಾ ಇರುವವರು ತೊಂದರೆಯಾದಾಗ ನಾಳ ಹಿಗ್ಗಿಸುವ ಔಷಧಿಯೊಂದನ್ನೇ ಸೇದುವ ಬದಲು ಅದರೊಂದಿಗೆ ಸ್ಟೀರಾಯ್ಡ್ ಬೆರೆತದ್ದನ್ನು ಸೇದಿದಾಗ ತೀವ್ರ ಉಲ್ಬಣಗಳು ಶೇ 64ರಷ್ಟು ಕಡಿಮೆಯಾದವು. ಮರುವರ್ಷವೇ ಅಸ್ತಮಾದ ಜಾಗತಿಕ ಮಾರ್ಗಸೂಚಿ, ಹನ್ನೆರಡು ದಾಟಿದವರಿಗೆ ಸಾಲ್ಬ್ಯುಟಮಾಲ್ ಒಂದನ್ನೇ ಕೊಡಬಾರದು ಎಂದಿತು. ಐವತ್ತು ವರ್ಷದ ರೂಢಿ ಅಲ್ಲಿಗೆ ಮುರಿಯಿತು. ಐಜಿಇಯನ್ನೇ ಹಿಡಿದು ಕಟ್ಟುವ ಒಮಾಲಿಜುಮಾಬ್ ಚುಚ್ಚುಮದ್ದಿಗೆ 2003ರಲ್ಲೇ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಅದು ತೀವ್ರ ರೋಗದವರಿಗೆ, ಮತ್ತು ಬಲು ದುಬಾರಿ.

ಈಗ ಒಳ್ಳೆಯ ವೈದ್ಯರು ಕೇಳುವ ಪ್ರಶ್ನೆಯೂ ಬದಲಾಗಿದೆ: ಕಳೆದ ನಾಲ್ಕು ವಾರದಲ್ಲಿ ಉಬ್ಬಸದಿಂದ ರಾತ್ರಿ ಎಚ್ಚರವಾಯಿತೇ? ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಇನ್ಹೇಲರ್ ಬೇಕಾಯಿತೇ? ನಮ್ಮ ಅಜ್ಜಿಯನ್ನು ಎಲ್ಲರೂ ಕೇಳುತ್ತಿದ್ದದ್ದು ಈಗ ಹೇಗಿದ್ದೀರಿ ಎಂದು, ಅದೂ ಹಗಲು ಹೊತ್ತಿನಲ್ಲಿ. ಚೆನ್ನಾಗಿದ್ದೇನೆ ಎಂದು ಅವರು ಹೇಳುತ್ತಿದ್ದರು.