ನಂಜನಗೂಡಿನ ಸೇತುವೆ: 1735ರಲ್ಲಿ ರೈಲು ಎಲ್ಲಿತ್ತು?

ಓದುಗರ ಪ್ರಶ್ನೆ: ನಂಜನಗೂಡಿನಲ್ಲಿ ಕಪಿಲಾ ನದಿಗೆ 1735ರಲ್ಲಿ ಕಟ್ಟಿದ ರೈಲ್ವೆ ಸೇತುವೆ ಇದೆಯಂತೆ. ಭಾರತದ ಅತ್ಯಂತ ಹಳೆಯ ರೈಲ್ವೆ ಸೇತುವೆ ಅದೇನಾ? ಪ್ರಪಂಚದಲ್ಲೇ ಮೊದಲನೆಯದು ಅಂತಲೂ ಕೆಲವರು ಹೇಳುತ್ತಾರೆ, ನಿಜವೇ?

ಈ ಪ್ರಶ್ನೆ ನನಗೆ ವರ್ಷಕ್ಕೆ ನಾಲ್ಕೈದು ಸಲವಾದರೂ ಬರುತ್ತದೆ. ದೊಡ್ಡ ಜಾತ್ರೆಯ ಹೊತ್ತಿಗೆ ಇನ್ನೂ ಜಾಸ್ತಿ. ಪ್ರತಿ ಸಲವೂ ಉತ್ತರ ಬರೆದಿದ್ದೇನೆ. ಮತ್ತೆ ಅದೇ ಮಾತು ಅದೇ ಫೋಟೊದ ಜೊತೆ ಬರುತ್ತದೆ. ಹಾಗಾಗಿ ಈ ಸಲ ಉದ್ದವಾಗಿಯೇ ಬರೆಯುತ್ತೇನೆ.

ಸೇತುವೆ ನಿಜ. 1735 ಅನ್ನೋದೂ ನಿಜ. ಅದರ ಮೇಲೆ ರೈಲು ಓಡಿದ್ದೂ ನಿಜ. ಆದರೆ 1735ರಲ್ಲಿ ಕಟ್ಟಿದ್ದು ರೈಲ್ವೆ ಸೇತುವೆಯನ್ನಲ್ಲ. ಅವತ್ತು ಕಟ್ಟಿದ್ದು ಜನ, ಎತ್ತಿನ ಗಾಡಿ, ಕುದುರೆ ದಾಟೋಕೆ ಒಂದು ಸೇತುವೆ. ರೈಲು ಬಂದಿದ್ದು ಒಂದೂವರೆ ಶತಮಾನ ಕಳೆದ ಮೇಲೆ.

ಇದಕ್ಕೆ ಯಾವ ದಾಖಲೆಯನ್ನೂ ಹುಡುಕಬೇಕಿಲ್ಲ. ಒಂದು ಕಳೆಯುವ ಲೆಕ್ಕ ಸಾಕು.

ಸೇತುವೆ ಕಟ್ಟಿಸಿದ್ದು ದಳವಾಯಿ ದೇವರಾಜಯ್ಯ. ಮೈಸೂರಿನ ಗದ್ದುಗೆಯ ಮೇಲೆ ಇಮ್ಮಡಿ ಕೃಷ್ಣರಾಜ ಒಡೆಯರ್ ಇದ್ದರು, ಆಡಳಿತ ಮಾತ್ರ ದಳವಾಯಿ ಅಣ್ಣತಮ್ಮಂದಿರ ಕೈಯಲ್ಲಿತ್ತು. ಟಿಪ್ಪು ಸುಲ್ತಾನ್ ಆಗಿನ್ನೂ ಹುಟ್ಟಿರಲಿಲ್ಲ. ಉಗಿ ಯಂತ್ರ ಅಂದ ಕೂಡಲೇ ನೆನಪಾಗುವ ಜೇಮ್ಸ್ ವಾಟ್ ಹುಟ್ಟಿದ್ದು 1736ರಲ್ಲಿ. ಹಳಿ ಮೇಲೆ ಉಗಿ ಇಂಜಿನ್ ಮೊದಲು ಓಡಿದ್ದು 1804ರಲ್ಲಿ, ಬ್ರಿಟನ್ನಿನ ವೇಲ್ಸ್‌ನಲ್ಲಿ, ಟ್ರೆವಿಥಿಕ್ ಮಾಡಿದ ಇಂಜಿನ್. ಅದೇ 1804ರಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು ಕಲ್ಲುಕಂಬದ ವೆಲ್ಲೆಸ್ಲಿ ಸೇತುವೆ ಮುಗಿಸಿದರು. ನಂಜನಗೂಡಿನ ಸೇತುವೆಗೆ ಆಗಲೇ ಹತ್ತಿರ ಹತ್ತಿರ 70 ವರ್ಷ ವಯಸ್ಸು.

ಇನ್ನೂ ಮುಂದೆ ಬನ್ನಿ. ಮುಂಬೈನಿಂದ ಥಾಣೆಗೆ ಜನರನ್ನು ಹೊತ್ತ ಮೊದಲ ರೈಲು ಹೊರಟಿದ್ದು 1853ರ ಏಪ್ರಿಲ್ 16ಕ್ಕೆ. ಬೆಂಗಳೂರಿನ ದಂಡು ಪ್ರದೇಶಕ್ಕೆ ಜೋಲಾರಪೇಟೆ ಕಡೆಯಿಂದ ಹಳಿ ಬಂದಿದ್ದು 1864ರಲ್ಲಿ. ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ಹಳಿ ಮುಟ್ಟಿದ್ದು 1882ರಲ್ಲಿ. ಮೈಸೂರಿನಿಂದ ನಂಜನಗೂಡಿಗೆ ಬಂದಿದ್ದು 1891ರಲ್ಲಿ. ಅಲ್ಲಿಂದ ಚಾಮರಾಜನಗರಕ್ಕೆ ಹೋಗಿದ್ದು 1926ರಲ್ಲಿ. 1891ರಿಂದ 1735 ಕಳೆಯಿರಿ. 156 ವರ್ಷ. ಅಷ್ಟು ಕಾಲ ಈ ಸೇತುವೆ ರೈಲಿನ ಶಿಳ್ಳೆಯನ್ನೇ ಕೇಳಿರಲಿಲ್ಲ.

ಒಮ್ಮೆ ಎಂಟನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. 1735 ಅಂತ ಹೇಳಿ ಸುಮ್ಮನೆ ನಿಂತೆ. ಹಿಂದಿನ ಸಾಲಿನಲ್ಲಿದ್ದ ಒಬ್ಬಳು ಹುಡುಗಿ ಬೆರಳಲ್ಲಿ ಏನೋ ಎಣಿಸಿ, ‘ಆವಾಗ ರೈಲೇ ಇರ್ಲಿಲ್ವಲ್ಲ ಸಾರ್’ ಅಂದಳು. ಯಾರೂ ಹೇಳಿಕೊಡದೆ ಬಂದ ಮಾತು ಅದು. ಇವತ್ತಿಗೂ ನೆನೆದರೆ ಖುಷಿಯಾಗುತ್ತದೆ.

ಇಷ್ಟು ಹೇಳಿದ ಮೇಲೂ ಕೆಲವರು ಬಿಡುವುದಿಲ್ಲ. ‘ಇಂಜಿನ್ ಇಲ್ಲದಿದ್ದರೇನು, ಆ ಕಾಲದಲ್ಲೂ ಮರದ ಹಳಿ ಇರ್ತಿತ್ತಲ್ವಾ’ ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ಮರದ ಹಳಿ ಇತ್ತು, ಆದರೆ ಇಂಗ್ಲೆಂಡಿನಲ್ಲಿ. ಅಲ್ಲಿ ಗಣಿಯಿಂದ ಕಲ್ಲಿದ್ದಲು ಸಾಗಿಸೋಕೆ ಮರದ ಹಳಿ ಹಾಸಿ, ಕುದುರೆಗೆ ಗಾಡಿ ಕಟ್ಟಿ ಎಳೆಸುತ್ತಿದ್ದರು. ಅಂಥ ಗಾಡಿಗಳಿಗೆಂದೇ ಉತ್ತರ ಇಂಗ್ಲೆಂಡಿನಲ್ಲಿ 1725-26ರಲ್ಲಿ ಒಂದು ಕಲ್ಲಿನ ಕಮಾನು ಸೇತುವೆ ಕಟ್ಟಿದರು. ಹೆಸರು ಕಾಸಿ ಆರ್ಚ್. ಇವತ್ತಿಗೂ ನಿಂತಿದೆ. ಹಳಿಗಾಗಿ ಕಟ್ಟಿ ಇನ್ನೂ ಉಳಿದಿರುವ ಸೇತುವೆಗಳಲ್ಲಿ ಜಗತ್ತಿಗೇ ಹಳೆಯದು ಅಂತ ಅದನ್ನೇ ಗುರುತಿಸುತ್ತಾರೆ. ಅಂದರೆ ಮರದ ಹಳಿಯ ವಾದ ಹಿಡಿದು ಹೊರಟರೂ ‘ಪ್ರಪಂಚದಲ್ಲೇ ಮೊದಲು’ ಅನ್ನೋ ಮಾತು ನಿಲ್ಲುವುದಿಲ್ಲ, ಆ ಸೇತುವೆ ನಮ್ಮದಕ್ಕಿಂತ ಹತ್ತು ವರ್ಷ ದೊಡ್ಡದು. ನಂಜನಗೂಡಿನ ಹೊಳೆ ದಾಟಿಸೋಕೆ ಕಲ್ಲಿದ್ದಲಂತೂ ಇರಲಿಲ್ಲ. ಇದ್ದದ್ದು ಶ್ರೀಕಂಠೇಶ್ವರನ ಭಕ್ತರು, ಮತ್ತೆ ಮೈಸೂರಿನಿಂದ ದಕ್ಷಿಣಕ್ಕೆ ಹೋಗಿಬರುವ ಗಾಡಿಗಳು.

ಹಾಗಾದರೆ ತಪ್ಪು ಹುಟ್ಟಿದ್ದು ಹೇಗೆ? ಯಾರೂ ಬೇಕಂತ ಸುಳ್ಳು ಹೇಳಿಲ್ಲ. ‘ರೈಲು ಓಡಿದ ಸೇತುವೆಗಳಲ್ಲಿ ದೇಶಕ್ಕೇ ಹಳೆಯದು’ ಅಂತ ಒಂದು ಮಾತಿತ್ತು. ‘1735ರಲ್ಲಿ ಕಟ್ಟಿದ್ದು’ ಅಂತ ಇನ್ನೊಂದು ಮಾತಿತ್ತು. ಎರಡೂ ಬೇರೆ ಬೇರೆಯಾಗಿ ಸರಿ. ಯಾರೋ ಎರಡನ್ನೂ ಸೇರಿಸಿ ‘1735ರ ರೈಲ್ವೆ ಸೇತುವೆ’ ಅಂತ ಮೂರು ಪದ ಮಾಡಿದರು. ನಡುವೆ ಇದ್ದ 156 ವರ್ಷ ಅಲ್ಲೇ ಬಿದ್ದುಹೋಯಿತು.

ನನಗೆ ಬೇಜಾರಾಗುವುದು ತಪ್ಪು ಇಸವಿಗಲ್ಲ. ಈ ತಪ್ಪಿನಿಂದ ಸೇತುವೆಯ ನಿಜವಾದ ದೊಡ್ಡಸ್ತಿಕೆ ಮುಚ್ಚಿಹೋಗುತ್ತದೆ. ರೈಲಿಗೆ ಅಂತ ಕಟ್ಟಿದ ಸೇತುವೆ ರೈಲನ್ನು ಹೊತ್ತರೆ ಅದರಲ್ಲಿ ವಿಶೇಷ ಏನಿದೆ? ಎತ್ತಿನ ಗಾಡಿಗೆ ಅಂತ ಕಟ್ಟಿದ ಸೇತುವೆ, ಕಟ್ಟಿದವರ ಕನಸಿನಲ್ಲೂ ಬಾರದ ಇಂಜಿನ್ನನ್ನು ಹೊತ್ತಿತಲ್ಲ, ಅದು ವಿಶೇಷ. ರಸ್ತೆಗೂ ಹಳಿಗೂ ಎರಡಕ್ಕೂ ಅದೇ ಸೇತುವೆ.

ಹೇಗೆ ಹೊತ್ತಿತು? ಹೊಳೆಯ ಪಕ್ಕ ಇಳಿದು ನೋಡಿ. ಕಂಬಗಳು ಒತ್ತೊತ್ತಾಗಿವೆ. ಒಂದು ಕಂಬದಿಂದ ಇನ್ನೊಂದಕ್ಕೆ ಅಂತರ ತೀರಾ ಕಮ್ಮಿ. ಆ ಕಾಲದಲ್ಲಿ ಉದ್ದನೆಯ ಕಬ್ಬಿಣದ ತೊಲೆ ಇರಲಿಲ್ಲ, ಇದ್ದದ್ದು ಕಲ್ಲು ಮತ್ತು ಗಾರೆ. ಕಲ್ಲನ್ನು ಒತ್ತಿದರೆ ಎಷ್ಟು ಬೇಕಾದರೂ ತಡೆಯುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ಹಾಗಾಗಿ ಅಂತರ ಕಮ್ಮಿ ಇಟ್ಟು ಕಂಬ ಜಾಸ್ತಿ ಹಾಕಿದರು. ಅದೇ ಮುಂದೆ ಉಪಕಾರಕ್ಕೆ ಬಂತು. ರೈಲಿನ ಭಾರ ಒಂದೇ ಕಡೆ ಬೀಳದೆ ಹಲವು ಕಂಬಗಳಿಗೆ ಹಂಚಿಹೋಯಿತು. ಮೀಟರ್ ಗೇಜಿನ ಇಂಜಿನ್‌ಗಳೂ ಹಗುರವಾಗಿದ್ದವು. ಹಳಿಯ ನಡುವಿನ ಅಗಲ ಒಂದೇ ಮೀಟರ್. ಇವತ್ತಿನ ಬ್ರಾಡ್ ಗೇಜ್ 1.676 ಮೀಟರ್, ಅದರ ಮೇಲೆ ಓಡುವ ಗಾಡಿಯ ತೂಕವೂ ಜಾಸ್ತಿ. ಚಾಮರಾಜನಗರದ ಮಾರ್ಗ ಬ್ರಾಡ್ ಗೇಜ್ ಆದಾಗ ರೈಲಿಗೆ ಬೇರೆ ಸೇತುವೆ ಕಟ್ಟಿದರು, ಮುದುಕನಿಗೆ ವಿಶ್ರಾಂತಿ ಸಿಕ್ಕಿತು.

ನಾನು ಚಿಕ್ಕವನಿದ್ದಾಗ ಮೀಟರ್ ಗೇಜಿನ ಗಾಡಿಯಲ್ಲಿ ಈ ಸೇತುವೆ ದಾಟಿದ್ದೇನೆ. ಸೇತುವೆ ಹತ್ತಿರ ಬಂದಂತೆ ಗಾಡಿ ನಿಧಾನವಾಗುತ್ತಿತ್ತು. ಅಮ್ಮ ಸೆರಗಿನ ಗಂಟು ಬಿಚ್ಚಿ ಹತ್ತು ಪೈಸೆ ಕೈಗೆ ಕೊಡುತ್ತಿದ್ದಳು, ಹೊಳೆಗೆ ಎಸೆದು ಕೈ ಮುಗಿಯೋಕೆ. ಶ್ರೀಕಂಠೇಶ್ವರ ದೇವಸ್ಥಾನದ ಗೋಪುರ ನೋಡಿ ‘ಎಷ್ಟು ಹಳೇದು!’ ಅಂತ ಎಲ್ಲರೂ ಅನ್ನುತ್ತಿದ್ದರು. ಈಗ ಗೊತ್ತು, ಆ ಮಹಾದ್ವಾರದ ಗೋಪುರ ಎದ್ದದ್ದು 1845ರಲ್ಲಿ. ನಮ್ಮ ಕಾಲ ಕೆಳಗಿದ್ದ ಸೇತುವೆ ಅದಕ್ಕಿಂತ 110 ವರ್ಷ ಹಿರಿಯದು.

ಇನ್ನೊಂದು ವಿಷಯ. ಇದನ್ನು ಯಾರೂ ಕೇಳಿಲ್ಲ, ಆದರೆ ಕೇಳಬೇಕಿತ್ತು. ಇಂಥ ಕಟ್ಟಡ ಹಾಳಾಗುವುದು ಯಾವುದರಿಂದ?

ರೈಲಿನ ಭಾರದಿಂದಲ್ಲ. ಬಹಳ ಕಡೆ ಒಂದು ಅರಳಿ ಗಿಡದಿಂದ. ಹಕ್ಕಿ ಹಣ್ಣು ತಿಂದು ಕಲ್ಲಿನ ಸಂದಿಯಲ್ಲಿ ಹಿಕ್ಕೆ ಹಾಕುತ್ತದೆ. ಮಳೆಗಾಲದಲ್ಲಿ ಎರಡು ಎಲೆ ಬರುತ್ತದೆ. ಬೇರು ದಾರದಷ್ಟು ಸಣ್ಣಗಿದ್ದು ಗಾರೆಯ ತೇವ ಹುಡುಕಿ ಒಳಗೆ ಇಳಿಯುತ್ತದೆ. ಐದಾರು ವರ್ಷದಲ್ಲಿ ಅದೇ ಬೇರು ಮಣಿಕಟ್ಟಿನಷ್ಟು ದಪ್ಪವಾಗಿ ಕಲ್ಲನ್ನು ಪಕ್ಕಕ್ಕೆ ತಳ್ಳುತ್ತದೆ. ಸ್ವಚ್ಛತೆ ಅಂತ ಹೋದವರು ಮೇಲಿನ ಕಾಂಡ ಕಡಿದು ಬರುತ್ತಾರೆ. ಅದು ಮುಂದಿನ ಮಳೆಗೆ ಎರಡರಷ್ಟು ಚಿಗುರುತ್ತದೆ. ದಪ್ಪ ಬೇರನ್ನು ಕೈಹಾಕಿ ಎಳೆದರೆ ಇನ್ನೂ ಕೆಟ್ಟದ್ದು, ಬೇರಿನ ಜೊತೆ ಕಲ್ಲೂ ಬರುತ್ತದೆ. ಕಾಂಡ ಕಡಿದು, ಬೇರಿಗೆ ಮದ್ದು ಹಾಕಿ ಸಾಯಿಸಿ, ಆಮೇಲೆ ಆ ಸಂದಿಗೆ ಸುಣ್ಣದ ಗಾರೆ ತುಂಬಬೇಕು.

ಸಿಮೆಂಟ್ ಅಲ್ಲ, ಸುಣ್ಣದ ಗಾರೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹಳೆಯ ಕಟ್ಟಡದ ಬಿರುಕು ಕಂಡ ಕೂಡಲೇ ಒಂದು ಮೂಟೆ ಸಿಮೆಂಟ್ ತರುವುದು ನಮ್ಮ ಅಭ್ಯಾಸ. ಸುಣ್ಣದ ಗಾರೆ ಕಲ್ಲಿಗಿಂತ ಮೆತ್ತಗಿರುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಣ್ಣ ಬಿರುಕು ಬಿಟ್ಟರೆ ಮಳೆನೀರಿನಲ್ಲಿ ಸುಣ್ಣ ಕರಗಿ, ಆ ಬಿರುಕಿನಲ್ಲೇ ಮತ್ತೆ ಗಟ್ಟಿಯಾಗುತ್ತದೆ. ಸಿಮೆಂಟ್ ಹಾಗಲ್ಲ. ತುಂಬಾ ಗಟ್ಟಿ, ತೇವವನ್ನು ಹೊರಗೆ ಬಿಡುವುದಿಲ್ಲ. ನೀರು ಒಳಗೇ ಉಳಿಯುತ್ತದೆ, ಆ ನೀರು ಇಟ್ಟಿಗೆ ಮತ್ತು ಕಲ್ಲಿನ ಅಂಚನ್ನೇ ತಿನ್ನುತ್ತದೆ. ನಾಲ್ಕು ವರ್ಷ ಬಿಟ್ಟು ನೋಡಿದರೆ ಸಿಮೆಂಟ್ ಹಾಗೇ ಇರುತ್ತದೆ, ಪಕ್ಕದ ಇಟ್ಟಿಗೆ ಪುಡಿಯಾಗಿರುತ್ತದೆ.

ಹಳೆಯ ರೈಲ್ವೆ ನಿಲ್ದಾಣಗಳಿಗೂ ಇದೇ ಮಾತು. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗಿ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್. 1915ರ ಹೊತ್ತಿಗೆ ನ್ಯಾರೋ ಗೇಜ್ (ಮೀಟರ್ ಗೇಜಿಗಿಂತಲೂ ಕಿರಿದಾದ ಹಳಿಯ) ರೈಲು ಬಂದಾಗ ಎದ್ದ ಪುಟ್ಟ ಕಟ್ಟಡಗಳು. ಇಳಿಜಾರು ಹೆಂಚಿನ ಮಾಡು, ದಪ್ಪ ಗೋಡೆ, ಟಿಕೆಟ್ ಕೊಡೋಕೆ ಒಂದು ಕಿಂಡಿ. ಎಷ್ಟೋ ವರ್ಷ ಅವು ಹಾಳು ಬಿದ್ದಿದ್ದವು. ಹಳೆಯ ಕಟ್ಟಡಗಳನ್ನು ಉಳಿಸೋಕೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ಇವುಗಳ ದುರಸ್ತಿ ಕೈಗೆತ್ತಿಕೊಂಡಿತು. ಅರಮನೆಯಲ್ಲ, ಕೋಟೆಯಲ್ಲ, ಹಳ್ಳಿಯ ಒಂದು ರೈಲು ನಿಲ್ದಾಣ ಉಳಿಯಬೇಕು ಅಂತ ಯಾರಿಗೋ ಅನ್ನಿಸಿತಲ್ಲ, ನನಗೆ ಅದು ದೊಡ್ಡ ಸಮಾಧಾನ. ಇಂಜಿನ್, ಬೋಗಿ ನೋಡಬೇಕೆಂದರೆ ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆ. ಕಟ್ಟಡವನ್ನು ಮಾತ್ರ ಮ್ಯೂಸಿಯಂಗೆ ಸಾಗಿಸೋಕೆ ಆಗುವುದಿಲ್ಲ, ನಿಂತಲ್ಲೇ ನೋಡಿಕೊಳ್ಳಬೇಕು.

ಮತ್ತೆ ನಂಜನಗೂಡಿಗೆ ಬರೋಣ. ಸೇತುವೆಯನ್ನು ಏನಂತ ಕರೆಯಬೇಕು ಅಂತ ಕೇಳಿದರೆ, ಹೀಗೆ ಹೇಳಿ: ‘1735ರಲ್ಲಿ ದಳವಾಯಿ ದೇವರಾಜಯ್ಯ ಗಾಡಿ ರಸ್ತೆಗೆ ಕಟ್ಟಿಸಿದ ಸೇತುವೆ, ಆಮೇಲೆ ಮೀಟರ್ ಗೇಜ್ ರೈಲನ್ನೂ ಹೊತ್ತಿತು.’ ಫೋಟೊ ಕೆಳಗೆ ಬರೆಯೋಕೆ ಇಷ್ಟು ಸಾಕು, ಒಂದಕ್ಷರವೂ ತಪ್ಪಿಲ್ಲ.

ಈ ಸಲ ಹೋದಾಗ ಫೋಟೊ ತೆಗೆದು ಹಾಗೇ ಹೊರಡಬೇಡಿ. ನೀರು ಕಮ್ಮಿ ಇರುವ ಬೇಸಿಗೆಯಲ್ಲಿ, ದಡದ ಹತ್ತಿರದ ಕಂಬದ ಪಕ್ಕ ಎರಡು ನಿಮಿಷ ನಿಂತು ಸಂದಿಗಳನ್ನು ನೋಡಿ. ಬೆಳ್ಳಗೆ, ಮರಳು ಮರಳಾಗಿ ಕಂಡರೆ ಅದು ಸುಣ್ಣದ ಗಾರೆ. ನಯವಾಗಿ ಬೂದು ಬಣ್ಣಕ್ಕಿದ್ದರೆ ಯಾರೋ ಇತ್ತೀಚೆಗೆ ಮೆತ್ತಿದ ಸಿಮೆಂಟ್. ಸಂದಿಯಲ್ಲಿ ಅರಳಿ ಎಲೆ ಕಂಡರೆ ಕೀಳಬೇಡಿ. ಯಾವ ದಡದಿಂದ ಎಷ್ಟನೇ ಕಂಬ ಅಂತ ಎಣಿಸಿಕೊಂಡು ಬಂದು ಪುರಾತತ್ವ ಇಲಾಖೆಗೆ ಒಂದು ಕಾಗದ ಬರೆಯಿರಿ.