ಟೆಂಡರ್ ಕಡಿಮೆಗೆ ಹಿಡಿದರೆ ಸಂಬಳವೂ ಕಡಿಮೆಯಾಗುತ್ತಾ?

ಪ್ರಶ್ನೆ: ನಾನು ಕೊಡಗಿನ ಒಂದು ಪಟ್ಟಣದಲ್ಲಿ ಕಸದ ಆಟೋ ಟಿಪ್ಪರ್ ಓಡಿಸುತ್ತೇನೆ. ಸಂಬಳ ಕೊಡುವವರು ಗುತ್ತಿಗೆದಾರರು. ಕನಿಷ್ಠ ವೇತನ ಕೊಡಿ ಎಂದರೆ "ಟೆಂಡರ್ ಕಡಿಮೆಗೆ ಹಿಡಿದಿದ್ದೇನೆ, ಇಷ್ಟೇ ಆಗೋದು" ಅನ್ನುತ್ತಾರೆ. ಪಟ್ಟಣದ ಆಡಳಿತ ಕಚೇರಿಯಲ್ಲಿ ಕೇಳಿದರೆ "ನೀವು ನಮ್ಮ ನೌಕರರಲ್ಲ" ಅನ್ನುತ್ತಾರೆ. ಯಾರನ್ನು ಕೇಳಲಿ?

ಉತ್ತರ: ಇಬ್ಬರನ್ನೂ ಕೇಳಿ. ಮೊದಲು ಗುತ್ತಿಗೆದಾರರನ್ನು. ಅವರು ಕೊಡದಿದ್ದರೆ, ಕೆಲಸ ಯಾರದೋ ಅವರನ್ನು.

ಟೆಂಡರ್ ಅನ್ನುವುದು ಗುತ್ತಿಗೆದಾರರು ಮತ್ತು ಕಚೇರಿಯ ನಡುವಿನ ಮಾತು. ಅದರಲ್ಲಿ ನಿಮ್ಮ ಸಹಿ ಇಲ್ಲ, ಅಲ್ವಾ? ಒಂದು ವೇಳೆ ಕಡಿಮೆ ಸಂಬಳಕ್ಕೆ ನೀವೇ ಒಪ್ಪಿ ಸಹಿ ಹಾಕಿದ್ದರೂ ಆ ಒಪ್ಪಂದ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಆಳು ಒದಗಿಸುವ ಟೆಂಡರ್‌ನಲ್ಲಿ ಪೈಪೋಟಿ ನಡೆಯಬೇಕಾದ್ದು ಸೇವಾ ಶುಲ್ಕದ ಮೇಲೆ. ಕೂಲಿಯ ಮೇಲಲ್ಲ.

ಹಿಂದೆ ಇದಕ್ಕೆ 1948ರ ಕನಿಷ್ಠ ವೇತನ ಕಾಯ್ದೆ ಇತ್ತು. ಈಗ ಆ ಜಾಗದಲ್ಲಿ 2019ರ ವೇತನ ಸಂಹಿತೆ ಇದೆ, 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಅದರ 43ನೇ ಸೆಕ್ಷನ್ ನಿಮಗೆ ಮುಖ್ಯ. ಕೆಲಸಕ್ಕಿಟ್ಟುಕೊಂಡವರು ಹಣ ಕೊಡದಿದ್ದರೆ, ನೀವು ದುಡಿಯುವ ಸಂಸ್ಥೆ ಯಾರದೋ ಅವರೇ ಹೊಣೆ ಎನ್ನುತ್ತದೆ.

"ನಮ್ಮ ನೌಕರರಲ್ಲ" ಎಂಬ ಉತ್ತರ ಹಳೆಯದು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪರವಾಗಿ ಸುಪ್ರೀಂ ಕೋರ್ಟ್‌ಗೆ ಅರ್ಜಿ ಹೋದಾಗಲೂ ಅವರು ಗುತ್ತಿಗೆದಾರರ ಆಳುಗಳು ಎಂಬ ವಾದ ಬಂತು. 1982ರ ತೀರ್ಪಿನಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದಿತು. ಮರುವರ್ಷ ರಾಜಸ್ಥಾನದ ಬರ ಪರಿಹಾರದ ರಸ್ತೆ ಕೆಲಸದ ವಿಷಯದಲ್ಲೂ ಅದನ್ನೇ ಹೇಳಿತು. ಬರ ಬಂದಾಗ ಕೊಟ್ಟ ಕೆಲಸ ಅಂತ ಕೂಲಿ ಮುರಿಯುವ ಹಾಗಿಲ್ಲ. ಹೊಟ್ಟೆಪಾಡಿಗೆ ಒಪ್ಪಿಕೊಳ್ಳುವುದು ಮನಸಾರೆ ಒಪ್ಪಿದಂತಲ್ಲ ಎಂದು ಗುರುತಿಸಿದ್ದೇ ಈ ತೀರ್ಪುಗಳ ದೊಡ್ಡತನ ಅಂತ ನನಗೆ ಅನ್ನಿಸುತ್ತದೆ.

ಅನುದಾನದಿಂದ ನಡೆಯುವ ಸಂಸ್ಥೆಗಳಿಗೂ ಇದೇ ನಿಯಮ. ಸರ್ಕಾರದ ದುಡ್ಡು ತಡವಾಯಿತು ಅಂತ ಸಂಬಳ ನಿಲ್ಲಿಸುವಂತಿಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಗೆ ಬರಬೇಕು. ಅಂಗನವಾಡಿ, ಆಶಾ, ಬಿಸಿಯೂಟದ ಅಕ್ಕಂದಿರು ಮಾತ್ರ ಹೊರಗುಳಿದಿದ್ದಾರೆ. ಅವರಿಗೆ ಕೊಡುವುದನ್ನು ಗೌರವಧನ ಎಂದು ಕರೆಯುತ್ತಾರೆ. ಮಳೆಗಾಲದಲ್ಲೂ ಮನೆಮನೆ ಸುತ್ತುವವರ ದುಡಿಮೆಗೆ ವೇತನ ಎಂಬ ಹೆಸರು ಸಿಗದಿರುವುದು ಅನ್ಯಾಯ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಕರ್ನಾಟಕದಲ್ಲಿ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ರಿಂದ ಬದಲಾಗುತ್ತದೆ. ಹಾಗಾಗಿ ಈ ವರ್ಷದ ಕನಿಷ್ಠ ವೇತನದ ದರಪಟ್ಟಿಯನ್ನೇ ನೋಡಿ, ಚಾಲಕರ ಸಾಲು ಹುಡುಕಿ. ಶನಿವಾರ, ಭಾನುವಾರ ಪ್ರವಾಸಿಗರು ಬಂದು ಕಸ ಜಾಸ್ತಿಯಾಗಿ ಹೆಚ್ಚು ಹೊತ್ತು ದುಡಿದರೆ, ಆ ಹೊತ್ತಿಗೆ ದುಪ್ಪಟ್ಟು ಕೊಡಬೇಕು. ಪಿಎಫ್‌ನಲ್ಲಿ ನಿಮ್ಮಿಂದ ಹಿಡಿಯಬಹುದಾದ್ದು ನಿಮ್ಮ ಪಾಲು ಮಾತ್ರ. ಗುತ್ತಿಗೆದಾರರ ಪಾಲನ್ನೂ ನಿಮ್ಮ ಸಂಬಳದಿಂದಲೇ ಮುರಿದಿದ್ದಾರಾ ನೋಡಿ. ಖಾತೆಗೆ ಪೂರ್ತಿ ಹಾಕಿ ಆಮೇಲೆ ಒಂದಷ್ಟು ನಗದಾಗಿ ವಾಪಸ್ ಕೇಳುವುದೂ ಕಡಿಮೆ ಕೊಟ್ಟಂತೆಯೇ.

ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕಾರ್ಯಾದೇಶ, ಗುತ್ತಿಗೆದಾರರ ಬಿಲ್, ಹಾಜರಿ ಪಟ್ಟಿಯ ನಕಲು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ನಿಮ್ಮ ಹೆಸರಿನಲ್ಲಿ ಎಷ್ಟು ಬಿಲ್ ಆಗಿದೆ, ನಿಮ್ಮ ಕೈಗೆ ಎಷ್ಟು ಬಂದಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಅದನ್ನೂ ಬ್ಯಾಂಕ್ ಪಾಸ್‌ಬುಕ್ಕನ್ನೂ ಹಿಡಿದು ಮಡಿಕೇರಿಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ. ಬಾಕಿ ಕೇಳಲು 3 ವರ್ಷದವರೆಗೆ ಅವಕಾಶವಿದೆ. ಬಾಕಿಯ ಜೊತೆಗೆ ಅದರ 10 ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಸಂಬಳ ಸರಿಯಾಗಿ ಕೊಟ್ಟಿದ್ದೇವೆ ಎಂದು ತೋರಿಸಬೇಕಾದವರು ಅವರು, ನೀವಲ್ಲ. ಆದರೂ ದಿನದ ಹಾಜರಿಯನ್ನು ಇವತ್ತಿನಿಂದಲೇ ಒಂದು ಡೈರಿಯಲ್ಲಿ ಬರೆದಿಡಿ. ಗಾಡಿಯ ಹಿಂದೆ ನಿಂತು ಕಸ ತುಂಬುವವರಿಗೂ ಬರೆದಿಡಲು ಹೇಳಿ, ಅರ್ಜಿ ಕೊಡುವಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.