ಸಿಎಫ್‌ಎಲ್ ಅಭಿಮಾನಿಗಳಿಗೆ ವಯಸ್ಸಾಯ್ತಾ? ಕೆನಡಾ ಫುಟ್‌ಬಾಲ್ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಕೆನಡಾದ ಫುಟ್‌ಬಾಲ್ ಲೀಗ್, ಅಂದರೆ ಸಿಎಫ್‌ಎಲ್ ಬಗ್ಗೆ ಎಲ್ಲಿ ಓದಿದರೂ ಒಂದು ಮಾತು ಬಂದೇ ಬರುತ್ತದೆ: ನೋಡುವವರಿಗೆ ವಯಸ್ಸಾಗುತ್ತಿದೆ, ಹುಡುಗ ಹುಡುಗಿಯರು ಬರುತ್ತಿಲ್ಲ. ಮಾತು ಸುಳ್ಳೇನಲ್ಲ. ಆದರೆ ಇಡೀ ದೇಶಕ್ಕೆ ಒಂದೇ ಉತ್ತರ ಬರೆದರೆ ಅರ್ಧ ಅಂಕವೂ ಸಿಗಬಾರದು ಅಂತ ನನ್ನ ಅಭಿಪ್ರಾಯ. ಕೆಲವು ಊರುಗಳಲ್ಲಿ ಅಜ್ಜ, ಮಗಳು, ಮೊಮ್ಮಗ ಮೂವರೂ ಒಂದೇ ಸಾಲಿನಲ್ಲಿ ಕೂತು ಪಂದ್ಯ ನೋಡುತ್ತಾರೆ. ಕೆಲವು ಊರುಗಳಲ್ಲಿ ಅಜ್ಜ ಒಬ್ಬನೇ. ಈ ವ್ಯತ್ಯಾಸ ಯಾಕೆ ಬಂತು ಅನ್ನೋದನ್ನೇ ಇಲ್ಲಿ ನೋಡೋಣ.

ಮೊದಲು ಆಟದ ಪರಿಚಯ

ಇದು ನಾವು ಮೈದಾನದಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಅಮೆರಿಕದ ಎನ್‌ಎಫ್‌ಎಲ್ ಆಟಕ್ಕೆ ಹತ್ತಿರದ ನಂಟು. ಮುಖ್ಯ ವ್ಯತ್ಯಾಸಗಳು ಇಷ್ಟು: ಅಮೆರಿಕದಲ್ಲಿ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ (ಇದಕ್ಕೆ ಡೌನ್ ಅಂತಾರೆ), ಕೆನಡಾದಲ್ಲಿ ಮೂರೇ. ಅಲ್ಲಿ ಒಂದು ಕಡೆಗೆ 11 ಜನ, ಇಲ್ಲಿ 12. ಮೈದಾನ ಅಲ್ಲಿ 100 ಗಜ, ಇಲ್ಲಿ 110 ಗಜ, ಅಗಲವೂ ಜಾಸ್ತಿ. ಮೂರೇ ಅವಕಾಶ ಇರುವುದರಿಂದ ಚೆಂಡು ಎಸೆಯುವುದು ಹೆಚ್ಚು, ತಳ್ಳಾಟ ಕಡಿಮೆ. ಜೊತೆಗೆ ರೂಜ್ ಅನ್ನೋ ಒಂದು ಪಾಯಿಂಟ್ ಇದೆ. ಎದುರಾಳಿಯ ಕೊನೆಯ ಅಂಕಣಕ್ಕೆ (ಮೈದಾನದ ತುದಿಯ ಪಟ್ಟಿಗೆ) ಒದ್ದ ಚೆಂಡನ್ನು ಅವರು ಹೊರಗೆ ತರದಿದ್ದರೆ ಒದ್ದವರಿಗೆ ಒಂದು ಪಾಯಿಂಟ್. ಹೊರಗಿನವರಿಗೆ ವಿಚಿತ್ರ, ಅಲ್ಲಿಯವರಿಗೆ ಪ್ರಾಣ. ಈ ರೂಜ್ ಕೊನೆಯಲ್ಲಿ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಲೀಗ್ ಈ ರೂಪದಲ್ಲಿ ಶುರುವಾಗಿದ್ದು 1958ರಲ್ಲಿ. ಆದರೆ ಚಾಂಪಿಯನ್ನರಿಗೆ ಕೊಡುವ ಗ್ರೇ ಕಪ್ 1909ರದ್ದು. ಟೊರೊಂಟೊ ಆರ್ಗೊನಾಟ್ಸ್ ತಂಡವಂತೂ 1873ರದ್ದು. ಈಗ ಇರುವುದು ಒಂಬತ್ತು ತಂಡ. ಪಂದ್ಯಗಳು ಜೂನ್‌ನಿಂದ ನವೆಂಬರ್‌ವರೆಗೆ. ಕೊನೆಕೊನೆಯ ಪಂದ್ಯಗಳು ಎಷ್ಟೋ ಸಲ ಹಿಮದಲ್ಲೇ.

ದುಡ್ಡು ಎಲ್ಲಿಂದ ಬರುತ್ತದೆ

ಇದು ಗೊತ್ತಿಲ್ಲದೆ ವಯಸ್ಸಿನ ವಿಷಯ ಅರ್ಥವಾಗುವುದಿಲ್ಲ. ಎನ್‌ಎಫ್‌ಎಲ್ ಬದುಕಿರುವುದು ಟಿವಿ ಹಣದ ಮೇಲೆ. ಸಿಎಫ್‌ಎಲ್ ಬದುಕಿರುವುದು ಬಹುಪಾಲು ಗೇಟಿನ ಹಣದ ಮೇಲೆ: ಟಿಕೆಟ್, ಪಾರ್ಕಿಂಗ್, ಬಿಯರ್, ಜೆರ್ಸಿ. 2025ರಲ್ಲಿ ಎನ್‌ಎಫ್‌ಎಲ್‌ನ ಒಂದು ತಂಡ ಆಟಗಾರರ ಸಂಬಳಕ್ಕೆ ಸುಮಾರು 28 ಕೋಟಿ ಅಮೆರಿಕನ್ ಡಾಲರ್‌ವರೆಗೆ ಖರ್ಚು ಮಾಡಬಹುದಿತ್ತು. ಸಿಎಫ್‌ಎಲ್ ತಂಡಕ್ಕೆ ಮಿತಿ ಸುಮಾರು 60 ಲಕ್ಷ ಕೆನಡಿಯನ್ ಡಾಲರ್. ಎನ್‌ಎಫ್‌ಎಲ್‌ನ ಒಬ್ಬ ದೊಡ್ಡ ಆಟಗಾರನ ಸಂಬಳದಲ್ಲಿ ಇಲ್ಲಿಯ ಇಡೀ ಲೀಗ್‌ನ ಆಟಗಾರರ ಸಂಬಳ ಹೆಚ್ಚುಕಮ್ಮಿ ಮುಗಿದುಹೋಗುತ್ತದೆ.

ಗೇಟು ಮುಚ್ಚಿದರೆ ಏನಾಗುತ್ತದೆ ಅಂತ 2020ರಲ್ಲಿ ಎಲ್ಲರೂ ನೋಡಿದರು. ಕೋವಿಡ್ ಬಂತು. ಲೀಗ್ ಕೇಂದ್ರ ಸರ್ಕಾರದ ಹತ್ತಿರ 15 ಕೋಟಿ ಡಾಲರ್‌ವರೆಗೆ ನೆರವು ಕೇಳಿತು. ಸಿಗಲಿಲ್ಲ. ಆಮೇಲೆ 3 ಕೋಟಿ ಡಾಲರ್ ಬಡ್ಡಿಯಿಲ್ಲದ ಸಾಲ ಕೇಳಿತು. ಅದೂ ಆಗಲಿಲ್ಲ. ಇಡೀ ಸೀಸನ್ ರದ್ದಾಯಿತು. 1919ರ ನಂತರ ಗ್ರೇ ಕಪ್ ಯಾರಿಗೂ ಸಿಗದ ವರ್ಷ ಅದೊಂದೇ. ಎನ್‌ಎಫ್‌ಎಲ್ ಅದೇ ವರ್ಷ ಬಹುಪಾಲು ಖಾಲಿ ಗ್ಯಾಲರಿಗಳ ಮುಂದೆ ಆರಾಮಾಗಿ ಆಡಿ ಮುಗಿಸಿತು.

ಈಗ ಯೋಚಿಸಿ. ವರ್ಷ ವರ್ಷವೂ ಸೀಸನ್ ಟಿಕೆಟ್ ತಗೊಳ್ಳೋರು ಯಾರು? ಕೈಯಲ್ಲಿ ಸ್ವಲ್ಪ ದುಡ್ಡು, ಬಿಡುವು, ಹಳೇ ಅಭ್ಯಾಸ ಇರುವವರು. ಅಂದರೆ ಹೆಚ್ಚಾಗಿ ನಡುವಯಸ್ಸು ದಾಟಿದವರು. ಲೀಗ್‌ಗೆ ಇವತ್ತಿನ ಊಟ ಹಾಕುವವರು ಅವರೇ. ಹೊಸಬರನ್ನು ಕರೆಯಲು ಏನು ಬದಲಾಯಿಸಿದರೂ ಮೊದಲು ಮುನಿಸಿಕೊಳ್ಳುವವರೂ ಅವರೇ. ಈ ಇಕ್ಕಟ್ಟು ಲೀಗ್‌ನ ಪ್ರತಿ ನಿರ್ಧಾರದಲ್ಲೂ ಕಾಣುತ್ತದೆ.

ರೆಜೈನಾ: ಕೊಂಡಿ ಕಳಚದ ಊರು

ಸಸ್ಕ್ಯಾಚೆವಾನ್ ಅನ್ನೋದು ಗೋಧಿ ಬೆಳೆಯುವ ಬಯಲು ಪ್ರಾಂತ್ಯ. ಜನಸಂಖ್ಯೆ ಸುಮಾರು 12 ಲಕ್ಷ. ಎನ್‌ಎಚ್‌ಎಲ್ ಐಸ್ ಹಾಕಿ ತಂಡ ಇಲ್ಲ, ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎ ತಂಡ ಇಲ್ಲ. ಇರುವ ದೊಡ್ಡ ತಂಡ ಒಂದೇ, ರಾಜಧಾನಿ ರೆಜೈನಾದ ರಫ್‌ರೈಡರ್ಸ್. ತಂಡಕ್ಕೆ ಒಬ್ಬ ಮಾಲೀಕ ಅಂತ ಇಲ್ಲ, ಸಮುದಾಯದ ಸ್ವತ್ತು. ಜನ ಷೇರು ತಗೊಂಡಿದ್ದಾರೆ. ಆ ಷೇರಿಗೆ ಲಾಭಾಂಶ ಬರುವುದಿಲ್ಲ, ಆದರೂ ತಗೊಂಡಿದ್ದಾರೆ.

ಪಂದ್ಯದ ದಿನ ಎಲ್ಲೆಲ್ಲಿಂದಲೋ ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಬರುತ್ತಾರೆ. ಕಲ್ಲಂಗಡಿ ಹಣ್ಣನ್ನು ಕೊರೆದು ಹೆಲ್ಮೆಟ್ ತರಹ ತಲೆಗೆ ಹಾಕಿಕೊಳ್ಳುವ ಪದ್ಧತಿ ಇವರದ್ದೇ. ಒಂದು ಕಡೆ 12 ಆಟಗಾರರು ಇರುವುದರಿಂದ ಈ ಅಭಿಮಾನಿಗಳಿಗೆ 'ಹದಿಮೂರನೇ ಆಟಗಾರ' ಅಂತ ಹೆಸರು. ವಿಧಿಯಾಟ ನೋಡಿ, 2009ರ ಗ್ರೇ ಕಪ್ ಫೈನಲ್‌ನಲ್ಲಿ ಕ್ಯಾಲ್ಗರಿಯಲ್ಲಿ ಕೊನೆಯ ಕ್ಷಣಕ್ಕೆ ರಫ್‌ರೈಡರ್ಸ್ 27–25 ಮುಂದಿದ್ದರು. ಮಾಂಟ್ರಿಯಲ್‌ನ ಒದೆತಗಾರ ಡೇಮನ್ ಡುವಾಲ್ ಕೊನೆಯ ಒದೆತ ತಪ್ಪಿಸಿದ. ಹಸಿರು ಅಂಗಿಯ ರಫ್‌ರೈಡರ್ಸ್ ಕಡೆಯವರು ಕುಣಿಯಲು ಶುರುಮಾಡಿದರು. ಅಷ್ಟರಲ್ಲಿ ಅಂಪೈರು ಬಾವುಟ ಎಸೆದದ್ದು ಕಂಡಿತು: ಸಸ್ಕ್ಯಾಚೆವಾನ್ ಕಡೆ ಮೈದಾನದಲ್ಲಿ 13 ಜನ ಇದ್ದಾರೆ! ಚೆಂಡು 10 ಗಜ ಹತ್ತಿರ ಬಂತು, ಡುವಾಲ್ ಮತ್ತೆ ಒದ್ದ, ಗೋಲಾಯಿತು, 28–27. ಬೇರೆ ಯಾವ ಊರಲ್ಲಾದರೂ ಜನ ತಂಡವನ್ನು ಮರೆತುಬಿಡುತ್ತಿದ್ದರೇನೋ. ಇಲ್ಲಿ ಆ ಕಥೆಯನ್ನು ಮಕ್ಕಳಿಗೆ ಹೇಳಿಕೊಡುತ್ತಾರೆ. 2013ರಲ್ಲಿ ತಮ್ಮ ಊರಲ್ಲೇ ಕಪ್ ಗೆದ್ದರು. 2025ರಲ್ಲಿ ಅದೇ ಮಾಂಟ್ರಿಯಲ್ ವಿರುದ್ಧ 25–17ರಿಂದ ಗೆದ್ದರು.

ಪಕ್ಕದ ವಿನಿಪೆಗ್ ಕೂಡ ಸಮುದಾಯದ ತಂಡ, ಅಲ್ಲೂ ಗ್ಯಾಲರಿ ತುಂಬುತ್ತದೆ. ಇವೆರಡರ ಜಗಳ ಬಲು ಮಜಾ. 2003ರಲ್ಲಿ ವಿನಿಪೆಗ್‌ನ ಟ್ರಾಯ್ ವೆಸ್ಟ್‌ವುಡ್ ಸಸ್ಕ್ಯಾಚೆವಾನ್ ಜನರನ್ನು ಬ್ಯಾಂಜೋ ನುಡಿಸುವ ಹಳ್ಳಿಗುಗ್ಗುಗಳು ಅನ್ನೋ ಅರ್ಥದಲ್ಲಿ ಹೀಯಾಳಿಸಿದ. ಗಲಾಟೆಯಾದ ಮೇಲೆ, ಅವರಲ್ಲಿ ಬಹಳ ಜನಕ್ಕೆ ಬ್ಯಾಂಜೋ ನುಡಿಸೋಕೇ ಬರಲ್ಲ ಅಂತ 'ಕ್ಷಮೆ' ಕೇಳಿದ. ಮಾರನೇ ವರ್ಷದಿಂದ ಆ ಪಂದ್ಯಕ್ಕೆ ಬ್ಯಾಂಜೋ ಬೌಲ್ ಅಂತಲೇ ಹೆಸರು. ಇಂಥ ಜಗಳ ಇರುವ ಕಡೆ ಆಟಕ್ಕೆ ವಯಸ್ಸಾಗುವುದು ಕಷ್ಟ.

ಹಾಗಂತ ಬಯಲು ಸೀಮೆಯಲ್ಲಿ ಎಲ್ಲಾ ಸರಿಯಿದೆ ಅಂತಲ್ಲ. ಎಡ್ಮಂಟನ್ ನೋಡಿ. ಒಂದು ಕಾಲದಲ್ಲಿ ಕಪ್ ಮೇಲೆ ಕಪ್ ಗೆದ್ದ ತಂಡ. 2019ರಿಂದ 2023ರವರೆಗೆ ತವರಿನಲ್ಲಿ ಸತತ 22 ಪಂದ್ಯ ಸೋತಿತು. 56 ಸಾವಿರ ಸೀಟಿನ ಸ್ಟೇಡಿಯಂ ಭಣಭಣ. 2024ರಲ್ಲಿ ಸಮುದಾಯದ ಕೈಯಿಂದ ಖಾಸಗಿ ಮಾಲೀಕರ ಕೈಗೆ ಹೋಯಿತು. ಮೂರ್ನಾಲ್ಕು ವರ್ಷ ತವರಲ್ಲಿ ಗೆಲುವೇ ಕಾಣದಿದ್ದರೆ ಎಂಟು ವರ್ಷದ ಮಗು ಆ ತಂಡವನ್ನು ಹಚ್ಚಿಕೊಳ್ಳುವುದಾದರೂ ಹೇಗೆ?

ಟೊರೊಂಟೊ: ಕೊಂಡಿ ಕಳಚಿದ ಊರು

ದೇಶದ ಅತಿ ದೊಡ್ಡ ನಗರ, ಲೀಗ್‌ನಲ್ಲೇ ಅತಿ ಕಡಿಮೆ ಜನ ಬರುವ ತಂಡ. ಆರ್ಗೊನಾಟ್ಸ್ ಸೋಲುತ್ತಿದೆ ಅಂತ ಜನ ಬರುವುದಿಲ್ಲ ಅನ್ನೋ ಹಾಗೂ ಇಲ್ಲ. 2012, 2017, 2022, 2024, ಇಷ್ಟು ಸಲ ಕಪ್ ಗೆದ್ದಿದ್ದಾರೆ. ನಗರ ತಿರುಗಿ ನೋಡಲಿಲ್ಲ.

ಕಾರಣ ಒಂದಲ್ಲ. ಅಲ್ಲಿ ಹಾಕಿಯ ಮೇಪಲ್ ಲೀಫ್ಸ್ ಇದೆ, ಬೇಸ್‌ಬಾಲ್‌ನ ಬ್ಲೂ ಜೇಸ್ ಇದೆ, 2019ರಲ್ಲಿ ಎನ್‌ಬಿಎ ಗೆದ್ದ ರಾಪ್ಟರ್ಸ್ ಇದೆ. ಗಡಿಯಾಚೆ ಬಫಲೊದಲ್ಲಿ ಎನ್‌ಎಫ್‌ಎಲ್ ತಂಡವೇ ಇದೆ. ದೊಡ್ಡ ಲೀಗ್‌ಗಳ ಊರು ಅನ್ನೋ ಹೆಮ್ಮೆಯಲ್ಲಿ ಟೊರೊಂಟೊದ ಯುವಕರಿಗೆ ರೆಜೈನಾ ಜೊತೆ ಆಡುವ ಲೀಗ್ ಸಣ್ಣದಾಗಿ ಕಾಣುತ್ತದೆ. 1991ರಲ್ಲಿ ಹಾಕಿ ದಿಗ್ಗಜ ವೇನ್ ಗ್ರೆಟ್ಸ್‌ಕಿ, ನಟ ಜಾನ್ ಕ್ಯಾಂಡಿ, ಉದ್ಯಮಿ ಬ್ರೂಸ್ ಮ್ಯಾಕ್‌ನಾಲ್ ಸೇರಿ ಆರ್ಗೊನಾಟ್ಸ್ ಕೊಂಡು, ಕೋಟಿಗಟ್ಟಲೆ ಸುರಿದು ಅಮೆರಿಕದ ತಾರೆ ರಾಕೆಟ್ ಇಸ್ಮಾಯಿಲ್‌ನನ್ನು ಕರೆತಂದರು. ಆ ವರ್ಷ ಕಪ್ ಬಂತು, ಜಾತ್ರೆಯಾಯಿತು. ಕೆಲವೇ ವರ್ಷಕ್ಕೆ ಮಾಲೀಕರೂ ಇಲ್ಲ, ಇಸ್ಮಾಯಿಲ್ಲೂ ಇಲ್ಲ.

ವಲಸೆಯ ಲೆಕ್ಕವನ್ನೂ ಸೇರಿಸಿ. 2021ರ ಜನಗಣತಿ ಪ್ರಕಾರ ಕೆನಡಾದಲ್ಲಿ ನೂರಕ್ಕೆ 23 ಜನ ಹೊರದೇಶದಲ್ಲಿ ಹುಟ್ಟಿ ಬಂದವರು. ಟೊರೊಂಟೊ ಮಹಾನಗರ ಪ್ರದೇಶದಲ್ಲಿ ಇದು ಸುಮಾರು 47. ಬ್ರಾಂಪ್ಟನ್, ಮಿಸಿಸಾಗಾದ ನಮ್ಮ ಕನ್ನಡದ ಮನೆಗಳನ್ನೇ ತಗೊಳ್ಳಿ. ಅಪ್ಪನಿಗೆ ಕ್ರಿಕೆಟ್ ಗೊತ್ತು. ಮೂರು ಡೌನ್ ಅಂದರೇನು ಅಂತ ಮಗನಿಗೆ ಹೇಳಿಕೊಡುವವರು ಮನೆಯಲ್ಲಿ ಯಾರೂ ಇಲ್ಲ. ಅವನು ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಯುತ್ತಾನೆ, ಯಾಕೆಂದರೆ ಒಂದು ಚೆಂಡು ಸಾಕು. ಹಾಕಿಯವರು ಇದನ್ನು ಬೇಗ ಅರ್ಥಮಾಡಿಕೊಂಡರು. 2008ರಿಂದಲೇ ಪಂಜಾಬಿಯಲ್ಲಿ ಕಾಮೆಂಟರಿ ಶುರುವಾಯಿತು. ಫುಟ್‌ಬಾಲ್‌ನವರು ಆ ಕೆಲಸವನ್ನು ಅಷ್ಟು ಗಟ್ಟಿಯಾಗಿ ಮಾಡಲಿಲ್ಲ. ವಲಸಿಗರ ಮಕ್ಕಳು ಆಟಕ್ಕೆ ಬಂದೇ ಇಲ್ಲ ಅಂತ ಬರೆಯಬೇಡಿ, ತಪ್ಪಾಗುತ್ತದೆ. ಪಾಕಿಸ್ತಾನ ಮೂಲದ ಒಬಿ ಖಾನ್ ವಿನಿಪೆಗ್‌ಗೆ ಆಡಿ, ಆಮೇಲೆ ಶವರ್ಮಾ ಅಂಗಡಿ ತೆರೆದು, 2025ರಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ವಿರೋಧ ಪಕ್ಷದ ನಾಯಕರಾದರು. ಆಡುವವರು ಬಂದರು, ಅವರ ಹಿಂದೆ ನೋಡುವವರು ಅಷ್ಟು ಬರಲಿಲ್ಲ.

ಟಿವಿ ಮಾಡಿದ ಕೆಲಸ

ಈ ಭಾಗವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. 2007ರವರೆಗೆ ಹಲವು ಪಂದ್ಯಗಳು ಸರ್ಕಾರಿ ವಾಹಿನಿ ಸಿಬಿಸಿಯಲ್ಲಿ ಉಚಿತವಾಗಿ ಬರುತ್ತಿದ್ದವು. 2008ರಿಂದ ಇಂಗ್ಲಿಷ್ ಪ್ರಸಾರ ಪೂರ್ತಿ ಟಿಎಸ್‌ಎನ್ ಕೈಗೆ ಹೋಯಿತು. ಅದು ದುಡ್ಡು ಕೊಟ್ಟು ನೋಡುವ ಕೇಬಲ್ ವಾಹಿನಿ. ಆಗ ಯಾರಿಗೂ ತೊಂದರೆ ಕಾಣಲಿಲ್ಲ. ಲೀಗ್‌ಗೆ ನಂಬಿಕೆಯ ಆದಾಯ ಬಂತು, 2009ರ ಆ ಹದಿಮೂರನೇ ಆಟಗಾರನ ಫೈನಲ್ ಅನ್ನು ಸರಾಸರಿ 60 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಆಮೇಲೆ ಏನಾಯಿತು? ಯುವಕರು ಕೇಬಲ್ ಕಿತ್ತುಹಾಕಿದರು. ಕೇಬಲ್ ಉಳಿಸಿಕೊಂಡಿದ್ದು ಅಪ್ಪ ಅಮ್ಮ. ಲೀಗ್ ಯಾರನ್ನೂ ಓಡಿಸಲಿಲ್ಲ. ಅದು ಕೂತಿದ್ದ ಮನೆಗೇ ವಯಸ್ಸಾಯಿತು. 2024ರಲ್ಲಿ ಕೆಲವು ಪಂದ್ಯಗಳನ್ನು ಮತ್ತೆ ಸಿಟಿವಿಯಲ್ಲಿ ಉಚಿತವಾಗಿ ತೋರಿಸಲು ಶುರುಮಾಡಿದರು. ನಡುವೆ ಹದಿನಾರು ವರ್ಷ ಹೋಯಿತು, ಅಂದರೆ ಮಕ್ಕಳ ಒಂದು ಪೂರ್ತಿ ಬ್ಯಾಚು.

ಜನರನ್ನು ಕರೆತರುವ ಪ್ರಯತ್ನಗಳು

1993ರಿಂದ 1995ರವರೆಗೆ ಲೀಗ್ ಅಮೆರಿಕಕ್ಕೇ ಹೋಗಿ ತಂಡ ಕಟ್ಟಿತು. ಲಾಸ್ ವೇಗಸ್, ಮೆಂಫಿಸ್, ಬರ್ಮಿಂಗ್‌ಹ್ಯಾಮ್ ಎಲ್ಲಾ ಆಯಿತು. ಬಾಲ್ಟಿಮೋರ್ ಒಂದೇ ನಿಜವಾಗಿ ಗೆದ್ದದ್ದು, 1995ರ ಗ್ರೇ ಕಪ್ಪೇ ಅಲ್ಲಿಗೆ ಹೋಯಿತು. ಮರುವರ್ಷ ಆ ತಂಡವೇ ಮಾಂಟ್ರಿಯಲ್‌ಗೆ ಬಂತು. ಪ್ರಯೋಗ ಮುಗಿಯಿತು.

ಮಾಂಟ್ರಿಯಲ್‌ನಲ್ಲಿ ನಡೆದದ್ದು ನನಗೆ ಎಲ್ಲಕ್ಕಿಂತ ಇಷ್ಟ. ಹೊಸ ಅಲುಯೆಟ್ಸ್ ತಂಡ ಭಾರೀ ಒಲಿಂಪಿಕ್ ಸ್ಟೇಡಿಯಂನಲ್ಲಿ ಆಡುತ್ತಿತ್ತು, ಬೆರಳೆಣಿಕೆ ಜನ. 1997ರ ನವೆಂಬರ್‌ನಲ್ಲಿ ಪ್ಲೇಆಫ್ ಪಂದ್ಯದ ದಿನವೇ ಅಲ್ಲಿ ಯು2 ವಾದ್ಯತಂಡದ ಕಾರ್ಯಕ್ರಮ. ಬೇರೆ ದಾರಿಯಿಲ್ಲದೆ ಪಂದ್ಯವನ್ನು ಮೆಕ್‌ಗಿಲ್ ವಿಶ್ವವಿದ್ಯಾಲಯದ ಹಳೇ ಮೋಲ್ಸನ್ ಸ್ಟೇಡಿಯಂಗೆ ಒಯ್ದರು. ಸಣ್ಣ ಜಾಗ, ಊರ ನಡುವೆ, ಪಕ್ಕದಲ್ಲೇ ವಿದ್ಯಾರ್ಥಿಗಳು. ತುಂಬಿಹೋಯಿತು. ಮಾರನೇ ವರ್ಷ ತಂಡ ಅಲ್ಲೇ ನೆಲೆಸಿತು, ಈಗಲೂ ಅಲ್ಲೇ ಇದೆ. ಲಕ್ಷ ಖರ್ಚು ಮಾಡಿ ಸಮೀಕ್ಷೆ ಮಾಡಿಸಿದ್ದರೂ ಇಷ್ಟು ಚೆನ್ನಾಗಿ ಹೊಳೆಯುತ್ತಿತ್ತೋ ಇಲ್ಲವೋ.

ಈಚೆಗೆ ವ್ಯಾಂಕೂವರ್ ಬೇರೆ ದಾರಿ ಹಿಡಿದಿದೆ. ಭಾರತ ಮೂಲದ ಕುಟುಂಬದ ಉದ್ಯಮಿ ಅಮರ್ ದೋಮನ್ 2021ರಲ್ಲಿ ಬಿಸಿ ಲಯನ್ಸ್ ಕೊಂಡರು. ಸೀಸನ್‌ನ ಮೊದಲ ತವರು ಪಂದ್ಯಕ್ಕೆ ದೊಡ್ಡ ಗಾಯಕರನ್ನು ಕರೆಸುತ್ತಾರೆ. 2024ರಲ್ಲಿ ರ‍್ಯಾಪರ್ 50 ಸೆಂಟ್ ಬಂದಾಗ 53 ಸಾವಿರ ದಾಟಿದ ಜನ. ಸರಿ, ಅವರಲ್ಲಿ ಎಷ್ಟು ಜನ ಎರಡನೇ ಪಂದ್ಯಕ್ಕೆ ಬಂದರು ಅನ್ನೋದೇ ಪರೀಕ್ಷೆ. ಆದರೂ ಹದಿನೆಂಟರ ಹುಡುಗಿ ಒಮ್ಮೆಯಾದರೂ ಗ್ಯಾಲರಿ ಮೆಟ್ಟಿಲು ಹತ್ತಬೇಕಲ್ವಾ? ಟೊರೊಂಟೊದಲ್ಲಿ ಅಷ್ಟೂ ಆಗುತ್ತಿಲ್ಲ.

ನಿಯಮ ಬದಲಾವಣೆಯ ಜಗಳ

2025ರ ಏಪ್ರಿಲ್‌ನಲ್ಲಿ ಟಿಎಸ್‌ಎನ್‌ನ ಅಧ್ಯಕ್ಷರಾಗಿದ್ದ ಸ್ಟೂವರ್ಟ್ ಜಾನ್ಸ್‌ಟನ್ ಲೀಗ್‌ನ ಕಮಿಷನರ್ ಆದರು. ಸೆಪ್ಟೆಂಬರ್‌ನಲ್ಲಿ ಬಾಂಬ್ ಹಾಕಿದರು. 2026ರಿಂದ ರೂಜ್‌ಗೆ ಕತ್ತರಿ: ಚೆಂಡು ಕೊನೆಯ ಅಂಕಣ ದಾಟಿ ಹೊರಗೆ ಹೋದರೆ ಪಾಯಿಂಟ್ ಇಲ್ಲ. ಜೊತೆಗೆ ತಂತಾನೇ ಓಡುವ 35 ಸೆಕೆಂಡಿನ ಗಡಿಯಾರ. 2027ರಿಂದ ಮೈದಾನ 110ರ ಬದಲು 100 ಗಜ, ಗೋಲು ಕಂಬ ಹಿಂದಕ್ಕೆ. ಮೂರು ಡೌನ್, 12 ಆಟಗಾರರು ಹಾಗೇ ಉಳಿಯುತ್ತಾರೆ.

ವಾದ ಏನಂದರೆ, ಟಚ್‌ಡೌನ್ (ಚೆಂಡನ್ನು ಕೊನೆಯ ಅಂಕಣಕ್ಕೆ ಒಯ್ದು ಗಳಿಸುವ ಪಾಯಿಂಟ್) ಜಾಸ್ತಿಯಾಗುತ್ತದೆ, ಆಟ ಬಿರುಸಾಗುತ್ತದೆ, ಹೊಸಬರು ಬರುತ್ತಾರೆ. ಹಳಬರು ಸಿಡಿದೆದ್ದರು. ಇದು ಅಮೆರಿಕದ ನಕಲು ಅಂದರು. ಲೀಗ್‌ನ ದೊಡ್ಡ ತಾರೆ, ಕೆನಡಾದವನೇ ಆದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಮುಖ್ಯ ಆಟಗಾರ) ನೇಥನ್ ರೋರ್ಕ್ ಕೂಡ ಬಹಿರಂಗವಾಗಿ ವಿರೋಧಿಸಿದ. ಅವನು ಮುದುಕನಲ್ಲ, ಆಗ ಇನ್ನೂ 27ರ ಹರೆಯದವನು. ಹಾಗಾಗಿ ಇದನ್ನು ಸುಮ್ನೆ ಹಳಬರು ಹೊಸಬರ ಜಗಳ ಅಂತ ಬರೆದರೆ ಆಗಲ್ಲ. ನನ್ನ ಮಟ್ಟಿಗೆ ಹೇಳಬೇಕೆಂದರೆ ಗಡಿಯಾರ ಒಳ್ಳೆಯದು, ಮೈದಾನ ಮೊಟಕು ಮಾಡಿದ್ದು ಅನಗತ್ಯ. ಬ್ರಾಂಪ್ಟನ್‌ನ ಹುಡುಗ ಮೈದಾನ 10 ಗಜ ಉದ್ದ ಇದೆ ಅಂತ ಪಂದ್ಯ ಬಿಟ್ಟವನಲ್ಲ. ಅವನನ್ನು ಯಾರೂ ಕರೆದುಕೊಂಡು ಹೋಗಿಲ್ಲ.

ಓದುವುದರ ಜೊತೆ ಕಣ್ಣಲ್ಲೂ ನೋಡಬೇಕು ಅನ್ನೋರಿಗೆ: ಕೆನಡಾದ ಹೊರಗಿನವರಿಗಾಗಿ ಲೀಗ್ 2023ರಲ್ಲಿ ಸಿಎಫ್‌ಎಲ್ ಪ್ಲಸ್ ಅನ್ನೋ ಆನ್‌ಲೈನ್ ಪ್ರಸಾರ ಶುರುಮಾಡಿತು. ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ರಜೆಯಲ್ಲಿ ರೆಜೈನಾಕ್ಕೆ ವಿನಿಪೆಗ್ ಬರುತ್ತದೆ, ನಮಗೆ ಅದು ಸೋಮವಾರದ ನಸುಕು. ಅದಾದ ಮೇಲೆ ಟೊರೊಂಟೊದ ಯಾವುದಾದರೂ ತವರು ಪಂದ್ಯ ನೋಡಿ. ಸ್ಕೋರು ಬಿಡಿ, ಕ್ಯಾಮರಾ ಗ್ಯಾಲರಿ ಕಡೆ ತಿರುಗಿದಾಗ ಯಾರ ಪಕ್ಕ ಯಾರು ಕೂತಿದ್ದಾರೆ ಅನ್ನೋದನ್ನು ಬರೆದಿಟ್ಟುಕೊಳ್ಳಿ.